ನೀಲಿ ನಕ್ಷೆ

"ಉಳಿದ ಎರಡನ್ನ ಅತ್ಲಾಗೆ ಬಿಸಾಕು! ನಾನು ಹೇಳಿದ ಹಾಗೆ ನಡುಮಧ್ಯ ದಟ್ಟವಾಗಿ ಕಾಣೋ ತನಕ ಈ ನೀಲಿಯೊಂದನ್ನ ತಿದ್ದು ಸಾಕು," ಎಂದು ತಂಡದ ಮುಖ್ಯಸ್ಥರು ಗೋಡೆಯ ಮೇಲಿನ ನೀಲಿ ನಕ್ಷೆಯನ್ನು ಬೆರಳಿನಿಂದ ಕುಟ್ಟಿದರು. ಬೆನ್ನ ಹಿಂದೆ ಎಲ್ಲರೂ ಅವರನ್ನು ದೊಡ್ಡಪ್ಪ ಎನ್ನುತ್ತಿದ್ದರು. "ಇಷ್ಟು ದಿನ ಏನು ಕತ್ತೆ ಕಾಯ್ತಿದ್ಯಾ?"

ಸಂಶೋಧಕಿ ಬೈಗುಳ ನುಂಗಿಕೊಂಡು ಕೀಲಿಮಣೆಯ ಮೇಲೆ ಕೈಯಿಟ್ಟಳು. ಕೈ ಅಲ್ಲೇ ನಿಂತಿತು. ಗೆಲಾಕ್ಸಿಗಳ ಗುಂಪೊಂದರ ಸುತ್ತ ಕವಿದಿರುವ, ಕಣ್ಣಿಗೆ ಕಾಣದ ಕಪ್ಪು ದ್ರವ್ಯದ ಪ್ರಭಾವಳಿಯನ್ನು ಅವರು ಅಳೆಯುತ್ತಿದ್ದರು. ಹಿಂದಿನಿಂದ ಬರುವ ಬೆಳಕನ್ನು ಅದು ಕೂದಲೆಳೆಯಷ್ಟೇ ಬಾಗಿಸುತ್ತದೆ. ಅಷ್ಟು ಸಣ್ಣ ಬಾಗು ನೋಡುವವರ ಆಸೆಗೆ ತಕ್ಕಂತೆ ಕಂಡುಬಿಡುತ್ತದೆ. ಅದಕ್ಕೆಂದೇ ಹೊರಗಿನ ಗಣಿತಜ್ಞೆಯೊಬ್ಬರು ಮಾಹಿತಿಯನ್ನು ಮೂರು ಪ್ರತಿ ಮಾಡಿ, ಎರಡರಲ್ಲಿ ಬೇಕೆಂದೇ ಸುಳ್ಳು ಬೆರೆಸಿ, ಕೆಂಪು, ಹಸಿರು, ನೀಲಿ ಎಂದು ಹೆಸರಿಟ್ಟು ಕೊಟ್ಟಿದ್ದರು. ಕೆಲಸ ಮುಗಿಯುವವರೆಗೆ ನಿಜವಾದದ್ದು ಯಾವುದೆಂದು ತಂಡದಲ್ಲಿ ಯಾರಿಗೂ ತಿಳಿಯಕೂಡದು; ತಿಳಿದರೆ ಆಸೆಗೆ ತಕ್ಕಂತೆ ತಿದ್ದುವ ಕೈ ಅದನ್ನೂ ಸುಳ್ಳಾಗಿಸುತ್ತದೆ. ಅವಳು ಮೂರು ಪ್ರತಿಗಳಿಂದಲೂ ಒಂದೊಂದು ನಕ್ಷೆ ಬರೆದು, ಮೂರನ್ನೂ ಹೆತ್ತ ಮಕ್ಕಳಂತೆ ಭೇದವಿಲ್ಲದೆ ಸಾಕಿದ್ದಳು.

"ನೀಲಿನೇ ಯಾಕೆ ಸಾರ್?"

ದೊಡ್ಡಪ್ಪನ ಬೆರಳು ನಕ್ಷೆಗೆ ಅಂಟಿಕೊಂಡಿತು. "ಊಟಕ್ಕೆ ಸಿಕ್ಕಾಗ ಸುಮ್ನೆ ಆ ಗಣಿತಜ್ಞೆನ ಕೇಳಿದೆ, ಬಾಯಿಬಿಟ್ರು. ಈಗ ಆಕಾಶ ಏನು ಕಳಚಿ ಬಿತ್ತಾ? ನಿಜ ನಿಜಾನೇ ತಾನೆ?"

ಅವಳಿಗೆ ಪಿತ್ತ ನೆತ್ತಿಗೇರಿತು. ಮೂರು ವರ್ಷದ ದುಡಿಮೆಯನ್ನು ಈ ಮನುಷ್ಯ ಊಟದ ಮೇಜಿನ ಮೇಲೆ ಒರೆಸಿಹಾಕಿದ್ದ. ಎದ್ದು ಬಂದವಳೇ ಅವರ ಬೆರಳಿನಡಿಯಿಂದ ನೀಲಿ ನಕ್ಷೆಯನ್ನು ಪರ್ರನೆ ಕಿತ್ತು ಕಸದ ಬುಟ್ಟಿಗೆ ತುರುಕಿದಳು.

"ನೀವು ಕೇಳೋ ತನಕ ಮೂರರಲ್ಲಿ ಒಂದಾದ್ರೂ ನಿಜ ಇತ್ತು ಸಾರ್."