ಉಪ್ಪಿನ ಪೊಟ್ಟಣ

ಒಂದು ತೋಳಿನಲ್ಲಿ ಗಂಡ ಯಸುಹಿಕೊನ ಅಸ್ಥಿಯಿದ್ದ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಚಿತಾಗಾರದವರು ಕೊಟ್ಟ ಉಪ್ಪಿನ ಪೊಟ್ಟಣ ಹಿಡಿದು ಮಿಲೆನಾ ತನ್ನದೇ ಮನೆಯ ಹೊಸ್ತಿಲ ಹೊರಗೆ ನಿಂತಿದ್ದಳು. ಅಳು ಬರಲಿಲ್ಲ, ಏನೂ ಬರಲಿಲ್ಲ. ಅವಳು ಜಪಾನಿಗೆ ಬಂದ ಹೊಸದರಲ್ಲಿ ಯಸುಹಿಕೊನೇ ಕಲಿಸಿದ್ದ: ಶವಸಂಸ್ಕಾರದಿಂದ ಬಂದವರು ಮೈಮೇಲೆ ಉಪ್ಪು ಉದುರಿಸಿಕೊಂಡು, ಸಾವನ್ನು ಹೊರಗೇ ಕಳೆದು ಒಳಗೆ ಬರಬೇಕು.

"ಇನ್ನೂ ಇಲ್ಲೇ ನಿಂತಿದೀಯೇನಮ್ಮ? ಚಳೀಲಿ ಮರಗಟ್ಟಿ ಹೋಗ್ತೀಯ," ಎಂದರು ಪಕ್ಕದ ಮನೆಯ ಕುವಾಬಾರಾ ಅಜ್ಜಿ.

"ಉಪ್ಪು ಹಾಕ್ಕೊಂಡ್ರೆ ಇವರನ್ನೂ ಹೊರಗೇ ಬಿಟ್ಟ ಹಾಗಲ್ವಾ ಅಜ್ಜಿ? ಹಾಕ್ಕೊಳ್ಳದೆ ಹೋದ್ರೆ ನೆರೆಹೊರೆಯವರು ಏನಂದ್ಕೋತಾರೋ."

ಅಜ್ಜಿ ಪೊಟ್ಟಣವನ್ನು ಅವಳ ಬೆರಳುಗಳಿಂದ ಬಿಡಿಸಿ ತಮ್ಮ ಜೇಬಿಗೆ ಹಾಕಿಕೊಂಡರು. "ನನ್ನ ಗಂಡನ್ನ ತಂದಾಗ ನಾನೂ ಹಾಕ್ಕೊಳ್ಳಲಿಲ್ಲ. ಮೂಲಂಗಿ ಉಪ್ಪಿನಕಾಯಿಗೆ ಸುರಿದೆ. ಬದುಕಿದ್ದಾಗ ಉಪ್ಪು ಸಾಲದು ಅಂತ ದಿನಾ ಗೊಣಗ್ತಿದ್ದ ಮನುಷ್ಯ."

ಮಿಲೆನಾ ಬಾಗಿಲೊಳಗೆ ಕಾಲಿಟ್ಟಳು. ಎರಡೂ ತೋಳುಗಳು ಈಗ ಪೆಟ್ಟಿಗೆಯನ್ನು ಬಳಸಿದ್ದವು, ಶೂ ಕಳಚಲು ಕೈಯಿರಲಿಲ್ಲ. ಅಜ್ಜಿ ಮೆಲ್ಲಗೆ ಮಂಡಿಯೂರಿ ಅವಳ ಲೇಸು ಬಿಚ್ಚುತ್ತ, "ಇಬ್ಬರೂ ಮನೆಗೆ ಬಂದ್ರಲ್ಲ, ಸರಿ," ಎಂದರು.