ಆಸ್ಪತ್ರೆಯ ಅಡಿಗಲ್ಲು

“ಅಣ್ಣಾ, ಮಗು ಅಡ್ಡ ತಿರುಗಿದೆಯಂತೆ. ನನ್ನ ಕೈಲಾಗಲ್ಲ, ಡಾಕ್ಟರನ್ನ ಕರ್ಕೊಂಡು ಬನ್ನಿ ಅಂತಿದ್ದಾಳೆ ಸೂಲಗಿತ್ತಿ.” ಗುಡ್ಡ ಹತ್ತಿ ಓಡಿಬಂದಿದ್ದ ಒಡೀಲ್‌ಗೆ ಉಸಿರು ಸಾಲುತ್ತಿರಲಿಲ್ಲ. ಅವಳ ಅಣ್ಣ, ಗಾರೆ ಕೆಲಸದ ಹಿಪೊಲಿಟ್, ಅಡಿಗಲ್ಲನ್ನು ಇಳಿಸುವ ಹಗ್ಗ ಹಿಡಿದು ನಿಂತಿದ್ದ. ಬೆಲ್‌ಫಾನ್ ಊರಿನ ಗುಡ್ಡದ ಮೇಲೆ ಅವತ್ತು ಆಸ್ಪತ್ರೆಗೆ ಶಂಕುಸ್ಥಾಪನೆ. ಹೊಸ ಗವರ್ನರ್ ಸಾಹೇಬರು ಗರಿಯ ಟೋಪಿ ಧರಿಸಿ ಆಗತಾನೇ ಬಂದು ಕುಳಿತಿದ್ದರು. ಕೆಳಗೆ ಮನೆಯಲ್ಲಿ ಹಿಪೊಲಿಟ್‌ನ ಒಬ್ಬಳೇ ಮಗಳು ಸೆರಾಫಿನ್ ನಿನ್ನೆ ಸಂಜೆಯಿಂದ ನೋವು ತಿನ್ನುತ್ತಿದ್ದಳು.

ಆ ಆಸ್ಪತ್ರೆಯ ಕತೆಗೆ ನಗಬೇಕೋ ಅಳಬೇಕೋ ತಿಳಿಯದು. ಒಂಬತ್ತು ವರ್ಷದಲ್ಲಿ ಇದು ಮೂರನೆಯ ಶಂಕುಸ್ಥಾಪನೆ. ರಾಣಿಯ ದೇಶದಿಂದ ಈ ದ್ವೀಪಕ್ಕೆ ಒಬ್ಬ ಗವರ್ನರ್ ಬರುತ್ತಾರೆ, ಕಲ್ಲು ಇಡುತ್ತಾರೆ, ತಮ್ಮ ಊರಿಗೆ ವಾಪಸು ಹಡಗು ಹತ್ತುತ್ತಾರೆ. ಕಲ್ಲಿನ ಸುತ್ತ ಹುಲ್ಲು ಬೆಳೆದು ಮೇಕೆಗಳಿಗೆ ಹಬ್ಬ. ಮುಂದಿನವರು ಬಂದಾಗ ಹಿಪೊಲಿಟ್ ಅದೇ ಕಲ್ಲನ್ನು ಅಗೆದು ತೆಗೆದು, ಮಗ್ಗುಲು ತಿರುಗಿಸಿ, ಹೊಸ ಹೆಸರು ಕೆತ್ತುತ್ತಾನೆ. ಹಿಂದಿನ ಸಾಹೇಬರ ಹೆಸರು ಮಣ್ಣಿನ ಕಡೆಗೆ. ‘ಕಲ್ಲಿಗೆ ಇನ್ನೂ ಒಂದು ಮಗ್ಗುಲು ಖಾಲಿ ಇದೆ, ಯೋಚನೆ ಬೇಡ’ ಎಂದು ಹೆಂಡದಂಗಡಿಯಲ್ಲಿ ಅವನೇ ತಮಾಷೆ ಮಾಡುತ್ತಿದ್ದ. ಇವತ್ತು ಅವನಿಗೆ ಯಾವ ತಮಾಷೆಯೂ ನೆನಪಿಗೆ ಬರಲಿಲ್ಲ. ರಾಜಧಾನಿಯ ಆಸ್ಪತ್ರೆಗೆ ದೋಣಿಯಲ್ಲಿ ಆರು ಗಂಟೆ.

ಈ ದಿಕ್ಕಿಗೆಲ್ಲ ಇದ್ದ ಒಬ್ಬನೇ ಡಾಕ್ಟರು ಲಬಾದಿ. ಅವನು ಎರಡನೆಯ ಸಾಲಿನಲ್ಲಿ ಬಿಳಿ ಕೈಗವಸು ತೊಟ್ಟು ಕೂತಿದ್ದ. ಇದೇ ಗುಡ್ಡದಲ್ಲಿ ಬರಿಗಾಲಲ್ಲಿ ಮಾವಿನಹಣ್ಣು ಕದ್ದು ಬೆಳೆದವನು, ನಮ್ಮವನು. ಹಿಪೊಲಿಟ್ ಹಗ್ಗವನ್ನು ಪಕ್ಕದವನ ಕೈಗೆ ಕೊಟ್ಟು, ಬಗ್ಗಿಕೊಂಡೇ ಕುರ್ಚಿಗಳ ಹಿಂದೆ ಹೋಗಿ ಅವನ ಕಿವಿಯಲ್ಲಿ ಉಸುರಿದ.

“ಕೇಳಿಸ್ತು ಮಾಮ,” ಡಾಕ್ಟರು ತಲೆ ತಿರುಗಿಸದೆ ಹೇಳಿದ. “ಆದ್ರೆ ಸಾಹೇಬ್ರು ಏಳೋ ಮುಂಚೆ ಯಾರೂ ಏಳೋ ಹಾಗಿಲ್ಲ. ನಿಂಗೊತ್ತಲ್ಲ.”

“ನಂಗೊತ್ತಪ್ಪ. ಹೊಟ್ಟೇಲಿರೋ ಕೂಸಿಗೆ ಗೊತ್ತಿಲ್ವಲ್ಲ.”

“ಹೋದ್ವರ್ಷ ಭಾಷಣದ ಮಧ್ಯೆ ಎದ್ದು ಹೋದ ಇನ್ಸ್‌ಪೆಕ್ಟರನ್ನ ಎಲ್ಲಿಗೆ ಹಾಕಿದ್ರು ನೋಡಿದ್ಯಾ? ಜನಕ್ಕಿಂತ ಏಡಿನೇ ಜಾಸ್ತಿ ಇರೋ ನಡುಗಡ್ಡೆಗೆ. ನನ್ನನ್ನೂ ಅಲ್ಲಿಗೆ ಹಾಕಿದ್ರೆ ನಿಮಗೆ ಇನ್ನೊಬ್ಬ ಡಾಕ್ಟರು ಎಲ್ಲಿಂದ ಬರ್ತಾನೆ ಹೇಳು. ಹತ್ತೇ ನಿಮಿಷ ಮಾಮ. ಕೊನೇಲಿ ಎಲ್ಲರೂ ಎದ್ದು ಹಾಡೋ ರಾಣಿ ಹಾಡು ಮುಗಿದ ತಕ್ಷಣ ಓಡಿ ಬರ್ತೀನಿ, ನಮ್ಮಮ್ಮನಾಣೆ.”

ಅಷ್ಟರಲ್ಲಿ ಕತ್ತಿ ಸಿಕ್ಕಿಸಿಕೊಂಡ ಅಧಿಕಾರಿಯೊಬ್ಬ ಹಿಪೊಲಿಟ್‌ಗೆ ಬೆರಳು ಅಲ್ಲಾಡಿಸಿದ. ಕಲ್ಲು ಇಳಿಸುವ ಹೊತ್ತು. ಹಿಪೊಲಿಟ್ ಒಡೀಲ್‌ಗೆ, “ಹತ್ತೇ ನಿಮಿಷ ತಡ್ಕೊ ಅನ್ನು ಮಗಳಿಗೆ” ಎಂದು ಹೇಳಿ ಕಳಿಸಿ ಹಗ್ಗ ಹಿಡಿದ. ಸಾಹೇಬರು ಬೆಳ್ಳಿ ಕರಣೆಯಲ್ಲಿ ಚಿಟಿಕೆ ಗಾರೆ ಸವರಿ, ಕಲ್ಲಿಗೆ ಮೂರು ಸಲ ತಟ್ಟಿ, ಕಲ್ಲು ಭದ್ರವಾಗಿ ಕೂತಿದೆ ಎಂದು ಸಾರಿದರು. ಆಮೇಲೆ ಭಾಷಣ ಶುರುವಾಯಿತು. ಅವರ ಒಂದೊಂದು ಮಾತನ್ನೂ ಶಾಲೆಯ ಮೇಷ್ಟ್ರು ಊರಿನ ಭಾಷೆಗೆ ತಿರುಗಿಸುತ್ತಿದ್ದುದರಿಂದ ಹತ್ತು ನಿಮಿಷ ಇಪ್ಪತ್ತಾಯಿತು, ಇಪ್ಪತ್ತು ನಲವತ್ತಾಯಿತು. ರಸ್ತೆ, ಬಾಳೆಹಣ್ಣಿನ ರಫ್ತು, ಮುಂದೊಂದು ದಿನ ನೀವೇ ನಿಮ್ಮನ್ನು ಆಳಿಕೊಳ್ಳಲು ಬೇಕಾದ ತಾಳ್ಮೆ, ಎಲ್ಲವೂ ಬಂತು. ಕೂಗಿಬಿಡೋಣ ಎಂದು ಹಿಪೊಲಿಟ್ ಎರಡು ಸಲ ಬಾಯಿ ತೆರೆದ. ಎರಡು ಸಲವೂ ಕತ್ತಿಯ ಅಧಿಕಾರಿಯತ್ತ ನೋಡಿ ಮುಚ್ಚಿದ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಎರಡನೆಯ ಸಾಲಿನಲ್ಲಿ ಡಾಕ್ಟರು ಬೂಟಿನ ತುದಿಯನ್ನೇ ನೋಡುತ್ತ ಕೂತಿದ್ದ.

ಒಡೀಲ್ ಮತ್ತೆ ಬಂದಳು. ಈ ಸಲ ಅವಳು ಓಡುತ್ತಿರಲಿಲ್ಲ. ಏರು ಹಾದಿಯಲ್ಲಿ ನಿಧಾನಕ್ಕೆ ನಡೆದುಬಂದು ಅಣ್ಣನ ಪಕ್ಕ ನಿಂತಳು.

“ಇಬ್ರೂ ಹೋದ್ರು,” ಎಂದಳು. “ಮೊದಲು ಕೂಸು. ಆಮೇಲೆ ಅವಳು.”

ಹಿಂದೆ ನಿಂತಿದ್ದ ಹೆಂಗಸರಲ್ಲಿ ಯಾರೋ ಗೋಳೋ ಎಂದರು. ಸಾಹೇಬರು ಮಾತು ನಿಲ್ಲಿಸಿ ಹುಬ್ಬೇರಿಸಿದರು. ಕತ್ತಿಯ ಅಧಿಕಾರಿ ಹೋಗಿ ವಿಚಾರಿಸಿಕೊಂಡು ಬಂದು ಅವರ ಕಿವಿಯಲ್ಲಿ ಹೇಳಿದ. ಆ ಗವರ್ನರು ಕೆಟ್ಟ ಮನುಷ್ಯನೇನಲ್ಲ. ಕೆಟ್ಟವನಾಗಿದ್ದಿದ್ದರೆ ಬೈದುಕೊಂಡಾದರೂ ಎದೆ ಹಗುರ ಮಾಡಿಕೊಳ್ಳಬಹುದಿತ್ತು. ಅವರ ಮುಖ ನಿಜಕ್ಕೂ ಬಾಡಿತು. ಗರಿಯ ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. ಕಣ್ಣಂಚೂ ಒದ್ದೆಯಾಯಿತು.

“ಈ ಊರಿನ ಒಬ್ಬ ತಾಯಿ, ಒಂದು ಮಗು, ಈಗಷ್ಟೇ ತೀರಿಕೊಂಡರೆಂದು ತಿಳಿಯಿತು,” ಮೇಷ್ಟ್ರು ಸಾಹೇಬರ ಮಾತನ್ನು ತಿರುಗಿಸಿದರು. “ಮಹಾಜನರೇ, ಬೆಲ್‌ಫಾನ್‌ಗೆ ಆಸ್ಪತ್ರೆ ಯಾಕೆ ಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಈ ಕಲ್ಲನ್ನು ಇವತ್ತು ನಾವು ಇಟ್ಟಿರುವುದು ಅದಕ್ಕೇ.”

ಮುಂದಿನ ಸಾಲಿನಲ್ಲಿ ಮೊದಲು ಒಂದು ಚಪ್ಪಾಳೆ ಬಿತ್ತು. ಎರಡನೆಯ ಸಾಲಿಗೆ ಹಬ್ಬಿತು. ಬಿಳಿ ಕೈಗವಸುಗಳಿಗೂ ಹಬ್ಬಿತು. ಆಮೇಲೆ ಗುಡ್ಡಕ್ಕೆ ಗುಡ್ಡವೇ ತಟ್ಟಿತು. ಒಡೀಲ್ ಅಣ್ಣನ ಮೊಣಕೈ ಹಿಡಿದು ಜೋರಾಗಿ ಜಗ್ಗಿದಳು. ಹಗ್ಗ ಬಿಟ್ಟ ತನ್ನ ಎರಡೂ ಕೈಗಳನ್ನು ಹಿಪೊಲಿಟ್ ಆಗ ನೋಡಿಕೊಂಡ. ಅವೂ ತಟ್ಟುತ್ತಿದ್ದವು.