ದಶಮಾಂಶದ ವರ

ಬಿಂದುವನ್ನು ಎಲ್ಲಿ ಇಡುವುದೆಂದು ಕೃಷ್ಣಪ್ರಸಾದನಿಗೆ ಹೊಳೆಯಲಿಲ್ಲ. ಇನ್ನೊಂದು ಸ್ಥಾನ ಎಡಕ್ಕೆ ಸರಿಸಿದರೆ ಉತ್ತರ ಒಂದು, ಸರಿಸದಿದ್ದರೆ ಹತ್ತು. ಎರಡರ ನಡುವೆ ನೇತಾಡುತ್ತಿದ್ದದ್ದು ಅವನ ಮದುವೆ.

ಮಡಂತ್ಯಾರಿನ ಆ ಮನೆಯ ಜಗಲಿಯಲ್ಲಿ ಅವನೆದುರು ಒಂದು ಚೀಟಿ ಇತ್ತು: ೦.೨೫ × ೧.೬ × ೧೨.೫ × ೦.೨. ಕೈಯಲ್ಲೇ ಗುಣಿಸಬೇಕು. ಹೆಣ್ಣು ನೋಡಲು ಬಂದು ಅರ್ಧ ಗಂಟೆಯಾದರೂ ಹುಡುಗಿಯನ್ನು ಅವನು ನೆಟ್ಟಗೆ ನೋಡಿರಲಿಲ್ಲ. ನೋಡಿದ್ದೆಲ್ಲ ಅಂಕಿಗಳನ್ನೇ.

ಅವನಿಗೆ ಬಿ.ಸಿ. ರೋಡಿನಲ್ಲಿ ಫ್ಲೆಕ್ಸ್ ಅಂಗಡಿ. ಬಂಟ್ವಾಳ ತಾಲೂಕಿನ ಅರ್ಧಕ್ಕರ್ಧ ನವದಂಪತಿಗಳು ಅವನ ಮೆಷಿನ್ನಿನಿಂದಲೇ ಹೊರಬಿದ್ದು, ಕೈಮುಗಿದು, ರಸ್ತೆ ಬದಿಯಲ್ಲಿ ನಿಂತಿದ್ದರು. ದೀಪದ ಬುಡದಲ್ಲೇ ಕತ್ತಲೆ. ಅವನಿಗೆ ಮೂವತ್ತಾರು ತುಂಬಿತ್ತು. ಹೆಣ್ಣಿನ ಕಡೆಯವರು ಮೊದಲು ಜಾತಕ ಕೇಳುತ್ತಿದ್ದರು. ಈಗ ವಯಸ್ಸು ಕೇಳಿ ಫೋನಿಡುತ್ತಿದ್ದರು.

ಹೀಗಿರುವಾಗ ಮೂಡುಬಿದಿರೆಯಲ್ಲಿ ಟೀಚರಾಗಿರುವ ಚಿಕ್ಕಮ್ಮನ ಮಗಳು ವಸುಧಾ ಈ ಸಂಬಂಧ ತಂದಳು. ಹುಡುಗಿ ಶುಭಶ್ರೀ, ಬೆಳ್ತಂಗಡಿಯಲ್ಲಿ ಹಲ್ಲಿನ ಡಾಕ್ಟರು. ತಂದೆ ಗಜಾನನ ಭಟ್ಟರು ನಿವೃತ್ತ ಗಣಿತ ಮೇಷ್ಟ್ರು.

"ಒಂದು ತೊಂದರೆ ಉಂಟು," ಅಂದಿದ್ದಳು ವಸುಧಾ. "ಅಲ್ಲಿ ಹುಡುಗನಿಗೆ ಲೆಕ್ಕ ಕೊಡ್ತಾರಂತೆ. ಆರು ಜನ ಹೋಗಿ ಲೆಕ್ಕ ಮಾಡಿದ್ದಾರೆ. ಆರು ಜನವೂ ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್."

"ಮತ್ತೆ ನಾನು ಹೋಗಿ ಎಂಥ ಮಾಡುವುದು?"

"ಕಲಿಯುವುದು ಮಾರಾಯ! ಬಿಂದು ಉಂಟು ಅಂತಲೇ ಮರೆತುಬಿಡು. ಪೂರ್ಣಸಂಖ್ಯೆ ಅಂತ ಗುಣಿಸು. ಕೊನೆಗೆ ಎಲ್ಲದರ ದಶಮಾಂಶ ಸ್ಥಾನ ಕೂಡಿಸಿ, ಬಲದಿಂದ ಎಣಿಸಿ ಬಿಂದು ಇಡು."

ಒಂದು ವಾರ ಅವನು ಅಂಗಡಿ ಬೇಗ ಮುಚ್ಚಿ ಮೂಡುಬಿದಿರೆಗೆ ಬಸ್ಸು ಹತ್ತಿದ. ಆರನೇ ಕ್ಲಾಸಿನಲ್ಲಿ ಓದದ್ದನ್ನು ಮೂವತ್ತಾರರಲ್ಲಿ ಓದಿದ. ಆ ವಾರ ಅಚ್ಚಾದ ಬ್ಯಾನರಿನಲ್ಲಿ ಮದುಮಗನ ಹೆಸರೇ ಬಿಟ್ಟುಹೋಗಿತ್ತು. ಹೋಗಲಿ, ಆ ಮದುಮಗನಿಗಾದರೂ ಹುಡುಗಿ ಸಿಕ್ಕಿದ್ದಳಲ್ಲ!

ಈಗ ಜಗಲಿಯಲ್ಲಿ ಭಟ್ಟರು ಅವನ ಪೆನ್ನಿನ ಮೇಲೆಯೇ ಕಣ್ಣಿಟ್ಟು ಕೂತಿದ್ದರು. "ಲೆಕ್ಕ ತೆಗೆಯುವುದು ಶುಭಶ್ರೀಯೇ. ನನ್ನ ಮಗಳು ಅಲ್ವಾ!" ಎಂದು ಹೆಮ್ಮೆಯಿಂದ ಹೇಳಿದರು.

ಇಪ್ಪತ್ತೈದು ಹದಿನಾರಲಿ ನಾನ್ನೂರು. ಅದನ್ನು ನೂರಿಪ್ಪತ್ತೈದರಿಂದ ಗುಣಿಸಿದರೆ ಐವತ್ತು ಸಾವಿರ. ಎರಡರಿಂದ ಗುಣಿಸಿದರೆ ಲಕ್ಷ. ಇಷ್ಟು ದೊಡ್ಡ ಸಂಖ್ಯೆ ನೋಡಿ ಅವನಿಗೆ ಭಯವಾಯಿತು.

"ಮೊಬೈಲು ಅಲ್ಲೇ ಉಂಟಲ್ಲ," ಶುಭಶ್ರೀ ಮೆಲ್ಲಗೆ ಅಂದಳು. "ಬೇಕಾದರೆ ಅದರಲ್ಲೇ ನೋಡಿ. ನನಗೇನೂ ಬೇಜಾರಿಲ್ಲ."

ಕೃಷ್ಣಪ್ರಸಾದ ಒಳಗೊಳಗೇ ನಕ್ಕ. ಆ ಆರು ಜನ ಬಿದ್ದದ್ದು ಈ ಹೊಂಡಕ್ಕೇ ಇರಬೇಕು! "ಛೆ ಛೆ," ಅಂದು ಮೊಬೈಲನ್ನು ಇನ್ನಷ್ಟು ದೂರ ತಳ್ಳಿದ. ಭಟ್ಟರ ಮುಖ ಅರಳಿತು. ಶುಭಶ್ರೀ ಬೇರೆ ಕಡೆ ನೋಡಿದಳು. ಮೆಚ್ಚುಗೆಯನ್ನು ಮುಚ್ಚಿಡುತ್ತಿದ್ದಾಳೆ ಎಂದು ಅವನು ತಿಳಿದ.

ಅಷ್ಟರಲ್ಲಿ ಶುಭಶ್ರೀಯ ತಾಯಿ ಮೂಕಾಂಬಿಕಾ ಅವಲಕ್ಕಿಯ ತಟ್ಟೆಗಳನ್ನು ತಂದಿಟ್ಟರು. ಭಟ್ಟರು ತಟ್ಟೆಯನ್ನು ಕಣ್ಣಿನಲ್ಲೇ ತೂಗಿದರು. "ತಲೆಗೆ ಅರುವತ್ತೆರಡೂವರೆ ಗ್ರಾಂ. ತೂಗಿಯೇ ಹಾಕಿದ್ದು ತಾನೇ?"

"ಹೌದು," ಅಂದರು ಮೂಕಾಂಬಿಕಾ.

"ಐದು ಜನಕ್ಕೆ ಮುನ್ನೂರ ಹನ್ನೆರಡೂವರೆ!" ಕೃಷ್ಣಪ್ರಸಾದ ತಡೆಯಲಾರದೆ ಹೇಳಿಬಿಟ್ಟ. ಜಗಲಿಯಲ್ಲಿ ಇದ್ದದ್ದು ನಾಲ್ಕೇ ಜನ, ಆದರೆ ಗುಣಾಕಾರ ತಪ್ಪಿರಲಿಲ್ಲ.

ಭಟ್ಟರು ತೊಡೆ ತಟ್ಟಿದರು. ಸ್ನಾನಕ್ಕೆ ಒಬ್ಬರಿಗೆ ಎಷ್ಟು ಲೀಟರು ನೀರು, ಕಾಫಿಗೆ ಎಷ್ಟು ಗ್ರಾಂ ಸಕ್ಕರೆ, ಎಲ್ಲವನ್ನೂ ವಿವರಿಸಿದರು. ಕೃಷ್ಣಪ್ರಸಾದ ಪ್ರತಿಯೊಂದಕ್ಕೂ ತಲೆಯಾಡಿಸಿದ. "ಮನೆ ಅಂದ್ರೆ ಹೀಗಿರಬೇಕು. ಮದುವೆ ಆದ ಮೇಲೆ ನಾನೂ ಹೀಗೇ ಮಾಡ್ತೇನೆ," ಎಂದು ಸೇರಿಸಿದ. ಅತ್ತೆಯಾಗಲಿರುವವರ ಮನಸ್ಸನ್ನೂ ಗೆಲ್ಲಬೇಕಲ್ಲ. ಮೂಕಾಂಬಿಕಾ ಅವನನ್ನೊಮ್ಮೆ ನೋಡಿ ಒಳಗೆ ಹೋದರು.

ಅವನು ಮತ್ತೆ ಚೀಟಿಗೆ ಬಗ್ಗಿದ. ಎರಡು, ಒಂದು, ಒಂದು, ಒಂದು. ಒಟ್ಟು ಐದು ಸ್ಥಾನ. ಲಕ್ಷದ ಬಲತುದಿಯಿಂದ ಬೆರಳಿಟ್ಟು ಎಣಿಸಿ ಬಿಂದು ಗುದ್ದಿದ: ೧.೦೦೦೦೦. ಲಕ್ಷ ಹೋಗಿ ಒಂದಾಗಿತ್ತು. ಮದುವೆಗೆ ಅದಕ್ಕಿಂತ ಶುಭಶಕುನ ಬೇರೆ ಬೇಕೆ?

"ಐದೂ ಸೊನ್ನೆ ಬರೆದಿದ್ದಾನೆ!" ಭಟ್ಟರು ಕುರ್ಚಿಯಿಂದ ಎದ್ದೇ ನಿಂತರು. "ಶುಭಾ, ನೋಡು! ಹಂತ ಹಂತವಾಗಿ ಉಂಟು!"

ಶುಭಶ್ರೀ ನೋಡಿದಳು. "ಸರಿಯಾಗಿ ಉಂಟು ಅಪ್ಪ," ಅಂದಳು.

ಕೃಷ್ಣಪ್ರಸಾದನ ಮನಸ್ಸಿನಲ್ಲಿ ಆಗಲೇ ಹತ್ತಡಿಯ ಫ್ಲೆಕ್ಸು ಅಚ್ಚಾಗತೊಡಗಿತ್ತು. ಈ ಸಲ ಮದುಮಗನ ಹೆಸರನ್ನು ಮಾತ್ರ ಮರೆಯಬಾರದು.

ಅವನನ್ನು ಕಳಿಸಿಕೊಡಲು ಶುಭಶ್ರೀ ಗೇಟಿನವರೆಗೆ ಬಂದಳು. ಅವನು ಅಂಗಿ ಸರಿಮಾಡಿಕೊಂಡ. ಮುಹೂರ್ತದ ಮಾತೇ ಇರಬೇಕು.

"ನೀವು ಪಾಪ, ಒಳ್ಳೆಯವರು. ಆದರೆ ಇದು ಆಗುವ ಹಾಗಿಲ್ಲ," ಅಂದಳು. "ಅಪ್ಪನಿಗೆ ನಾನು ಆಮೇಲೆ ಏನಾದರೂ ಹೇಳ್ತೇನೆ."

"ಯಾಕೆ? ಉತ್ತರ ಸರಿ ಅಂತ ನೀವೇ ಹೇಳಿದ್ರಲ್ಲ!"

"ಸರಿಯೇ. ಆ ಆರು ಜನರದ್ದೂ ಸರಿಯೇ ಇತ್ತು," ಅಂದಳು ಶುಭಶ್ರೀ. "ಅಮ್ಮ ಮದುವೆಯಾದಲ್ಲಿಂದ ತೂಗಿ ತೂಗಿ ಬಡಿಸ್ತಾ ಇದ್ದಾಳೆ. ಚೀಟಿ ನೋಡಿದ ಕೂಡಲೇ 'ಇದೆಂಥ ಮರುಳು ಮಾರಾಯ್ರೆ' ಅಂತ ಪೆನ್ನು ಕೆಳಗಿಡುವ ಒಬ್ಬನಿಗೋಸ್ಕರ ನಾವಿಬ್ಬರೂ ಕಾಯ್ತಾ ಇದ್ದೇವೆ."